ಬಾಯಿಬಡುಕಿಯ ಬೆರಳು

ಕೆಂಪು ದೀಪ ಮತ್ತೆ ಹತ್ತಿತು.

"ಇನ್ನೊಂದು ಸಲ ಒತ್ತಿ ಅಮ್ಮಾ," ಎಂದ ಗಾಜಿನ ಹಿಂದೆ ಕೂತಿದ್ದ ಗುಮಾಸ್ತ, ತಲೆ ಎತ್ತದೆ.

ಅವಳು ಒತ್ತಿದಳು. ಹೆಬ್ಬೆರಳು ಒತ್ತಿದಳು, ತೋರುಬೆರಳು ಒತ್ತಿದಳು, ಎಡಗೈ ಆಯಿತು, ಬಲಗೈ ಆಯಿತು, ಕೊನೆಗೆ ಕಿರುಬೆರಳನ್ನೂ ಬಿಡಲಿಲ್ಲ. ಆ ಪುಟ್ಟ ಯಂತ್ರ ಪ್ರತಿ ಸಲವೂ ಕುಂಯ್ ಎಂದು ಕೆಂಪಗಾಯಿತು. ಹಿಂದೆ ಸಾಲಿನಲ್ಲಿ ನಿಂತವರು ಕಾಲು ಬದಲಾಯಿಸುತ್ತಾ ನಿಟ್ಟುಸಿರು ಬಿಟ್ಟರು.

"ನಿಮಗೆ ಬೆರಳಚ್ಚೇ ಇಲ್ವಲ್ಲಮ್ಮ," ಎಂದ ಗುಮಾಸ್ತ.

ಅಲ್ಲ, ಕೈತುಂಬಾ ಬೆರಳಿಟ್ಟುಕೊಂಡು ಎದುರಿಗೆ ನಿಂತಿರುವ ಹೆಂಗಸಿಗೆ ಹೇಳುವ ಮಾತೇ ಇದು? ಅವಳ ನಾಲಿಗೆಯ ತುದಿಗೆ ಒಂದು ಉತ್ತರ ಬಂದಿತ್ತು. ಬಂದದ್ದನ್ನು ಹಾಗೇ ನುಂಗಿಕೊಂಡಳು. ಬಾಯಿ ಬಿಡುವುದಿಲ್ಲ ಎಂದು ಬೆಳಿಗ್ಗೆಯೇ ರೂಮಿನ ಜೊತೆಗಾತಿಗೆ ಮಾತು ಕೊಟ್ಟು ಬಂದಿದ್ದಳು.

"ಹಾಗಾದ್ರೆ ಏನು ಮಾಡ್ಲಿ?" ಎಂದಳು, ಬೆಣ್ಣೆಯಂಥ ದನಿಯಲ್ಲಿ.

"ನೀವು ಈ ದೇಶಕ್ಕೆ ಬಂದಾಗ ಕೊಟ್ಟ ಅಚ್ಚಿಗೂ ಈಗಿನದಕ್ಕೂ ತಾಳೆ ಆಗ್ಬೇಕು. ಆದ್ರೆ ಮಾತ್ರ ನಿರ್ಗಮನದ ಮೊಹರು. ಕೈಗೆ ಏನಾದ್ರೂ ಹಚ್ಕೊಂಡು ಮುಂದಿನ ವಾರ ಬನ್ನಿ. ಮುಂದಿನವರು ಬನ್ನಿ!"

ಜನರ ಬಾಯಿಂದ ಪದೇ ಪದೇ ಬೀಳುವ ಮಾತನ್ನೇ ಅವರಿಗೆ ಹೆಸರಾಗಿ ಇಟ್ಟುಬಿಡುವುದು ಅವಳ ಹಳೆಯ ಚಾಳಿ. ಅವತ್ತಿನಿಂದ ಆ ಗುಮಾಸ್ತ ಅವಳ ಪಾಲಿಗೆ 'ಮುಂದಿನವರು' ಆದ. ಸೋಪಿನ ನೀರಿನಲ್ಲಿ ಅದ್ದಿ ತೆಗೆದಂಥ ಬಿಳುಚು ಮುಖ, ಒಂದು ಕಡೆ ಮೇಲೆದ್ದ ಕಾಲರು, ಕಣ್ಣೆತ್ತಿ ನೋಡಿದರೆ ಸಂಬಳ ಕಡಿದುಹಾಕುತ್ತಾರೇನೋ ಎಂಬಂಥ ಧೋರಣೆ.

ಈ ಹೆಂಗಸಿನ ಕಥೆ ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳ ಸಿಟ್ಟು ನಿಮಗೆ ಬರಿಯ ರೇಗಾಟವಾಗಿ ಕಂಡೀತು.

ಆ ಊರಿನ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಅವಳು ಇಸ್ತ್ರಿಯಕ್ಕ. ಹರೆಯ ಕಳೆಯುವ ಮುಂಚೆ ಬಂದವಳು, ತಲೆ ನರೆಯುವವರೆಗೂ ಆ ಹಬೆಯಲ್ಲೇ ಇದ್ದಳು. ಗಂಡ ಎಂಬುವನು ಮದುವೆಯಾದ ಹೊಸದರಲ್ಲೇ ಬಿಟ್ಟುಹೋಗಿದ್ದ. ಹೋದದ್ದೇ ಒಳ್ಳೆಯದಾಯಿತು ಎಂದು ಅವಳು ಅವನ ಸುದ್ದಿಯನ್ನು ಅಲ್ಲಿಗೇ ಕೈಬಿಟ್ಟಿದ್ದಳು. ಮೇಲಿನ ಮಹಡಿಗಳಿಂದ ಚಾದರ, ದಿಂಬಿನ ಚೀಲ, ಟವೆಲು, ಊಟದ ಮೇಜಿನ ಬಟ್ಟೆ ಎಲ್ಲ ಗಾಡಿಗಟ್ಟಲೆ ಇಳಿದು ಬರುತ್ತಿದ್ದವು. ಸೋಡಾ, ಬ್ಲೀಚು, ಗಂಜಿ, ಬಿಸಿ. ಯಂತ್ರಗಳ ಸದ್ದಿಗೆ ಕಿವಿ ಮಂದವಾಗಿತ್ತು. ಅದಕ್ಕೇ ಅವಳು ಫೋನನ್ನು ಯಾವಾಗಲೂ ಸ್ಪೀಕರಿನಲ್ಲಿ ಹಾಕಿ, ಇಡೀ ಓಣಿಗೆ ಕೇಳಿಸುವಂತೆ ಮಾತಾಡುತ್ತಿದ್ದಳು.

ಇಸ್ತ್ರಿಪೆಟ್ಟಿಗೆಯ ಮೇಲಿನ ಬಿಸಿಯ ಮುಳ್ಳನ್ನು ಅವಳು ಎಂದೂ ನಂಬಿದವಳಲ್ಲ. "ಅದು ಹೇಳೋದು ಒಂದು, ಸುಡೋದು ಇನ್ನೊಂದು," ಎನ್ನುತ್ತಿದ್ದಳು. ಬೆರಳನ್ನು ನೀರಿಗೆ ಅದ್ದಿ ಇಸ್ತ್ರಿಯ ತಳಕ್ಕೆ ಚಟ್ ಎಂದು ತಾಗಿಸಿ ತೆಗೆಯುವುದು, ಸದ್ದು ಕೇಳಿ ಬಿಸಿ ತಿಳಿಯುವುದು. ಊರಿನಲ್ಲಿ ಅಕ್ಕ ಕಲಿಸಿಕೊಟ್ಟದ್ದು ಹಾಗೆ. ಒಂದು ಬೆರಳಿನ ತುದಿ ಮರಗಟ್ಟಿದರೆ ಇನ್ನೊಂದು. ಒಟ್ಟಿನಲ್ಲಿ ಬೆರಳ ತುದಿಗಳೆಲ್ಲ ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಅದು ಅವಳಿಗೆ ಗೊತ್ತೇ ಇರಲಿಲ್ಲ. ತನ್ನ ಬೆರಳಿನಲ್ಲಿ ಗೆರೆ ಇದೆಯೋ ಇಲ್ಲವೋ ಎಂದು ಯಾರು ನೋಡಿಕೊಳ್ಳುತ್ತಾ ಕೂರುತ್ತಾರೆ?

ಇನ್ನು ಅಕ್ಕನ ವಿಷಯ. ತಾಯಿ ಸತ್ತಾಗ ಇವಳಿನ್ನೂ ಲಂಗ ಕಟ್ಟಿಕೊಳ್ಳಲು ಬಾರದ ಮಗು. ಅಕ್ಕನೇ ಜಡೆ ಹಾಕಿದಳು, ಅಕ್ಕನೇ ಉಣ್ಣಿಸಿದಳು, ಅಕ್ಕನೇ ಬೆನ್ನಿಗೆ ನಾಲ್ಕು ಹಾಕಿದಳು. ಆಗಿನಿಂದಲೂ ಇವಳದು ದೊಡ್ಡ ಬಾಯಿ. ಹಾಲಿನವನ ಮೇಲೆ ಕೂಗು, ಮೇಷ್ಟರ ಮೇಲೆ ಕೂಗು, ಬಾರದ ಬಸ್ಸಿನ ಮೇಲೂ ಕೂಗು. ಇವಳು ಕೂಗಿದಾಗಲೆಲ್ಲ ಅಕ್ಕ ಒಳಗಿನಿಂದ ಒಂದೇ ಮಾತು ಹೇಳುತ್ತಿದ್ದಳು: "ಮೆಲ್ಲಗೇ ಕಣೇ ಬಾಯಿಬಡುಕಿ, ಪಕ್ಕದ ಮನೆಯವರಿಗೆ ಕೇಳಿಸತ್ತೆ!" ಇವಳ ಉತ್ತರವೂ ಒಂದೇ: "ಕೇಳಿಸ್ಲಿ ಬಿಡೇ!" ಅಕ್ಕ ಇವಳನ್ನು ಹೆಸರು ಹಿಡಿದು ಕರೆದದ್ದು ಶಾಲೆಗೆ ಸೇರಿಸುವಾಗ ಒಮ್ಮೆ ಇರಬೇಕು, ಅಷ್ಟೇ.

ಆ ಅಕ್ಕನಿಗೆ ಈಗ ಮರೆವಿನ ಕಾಯಿಲೆ. ಮಗಳ ಮನೆಯಲ್ಲಿದ್ದಾಳೆ, ಮಗಳು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾಳೆ, ಆ ಬಗ್ಗೆ ದೂರಿಲ್ಲ. ಆದರೆ ತಲೆಯೊಳಗಿದ್ದ ಜನ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದ್ದಾರೆ. ಮೊದಲು ನೆರೆಯವರು ಹೋದರು, ಆಮೇಲೆ ಅಳಿಯ, ಆಮೇಲೆ ಮೊಮ್ಮಗಳು. ಇನ್ನು ಉಳಿದವರು ಎಷ್ಟು ಜನ?

"ಚಿಕ್ಕಮ್ಮ, ಬರೋದಾದ್ರೆ ಬೇಗ ಬಂದುಬಿಡಿ," ಎಂದಿದ್ದಳು ಅಕ್ಕನ ಮಗಳು. "ಫೋನಲ್ಲಿ ಮಾತಾಡುವಾಗ ಮಾತ್ರ ಮೆಲ್ಲಗೆ ಮಾತಾಡಿ. ಜೋರು ದನಿ ಕೇಳಿದ್ರೆ ಗಾಬರಿ ಆಗ್ತಾರೆ ಅಂತ ಡಾಕ್ಟ್ರು ಹೇಳಿದ್ದಾರೆ."

ಅಷ್ಟೇ ಸಾಕಾಯಿತು. ಬಾಯಿಬಡುಕಿ ಬಾಯಿಗೆ ಬೀಗ ಹಾಕಿಕೊಂಡಳು. ಅಕ್ಕನ ಜೊತೆ ಮಾತಾಡುವಾಗ ದನಿ ತಗ್ಗಿಸಿ, ಒಂದೊಂದೇ ಮಾತನ್ನು ಮಡಿಕೆ ಹಾಕಿಟ್ಟಂತೆ ಆಡತೊಡಗಿದಳು. "ಹೇಗಿದ್ದೀಯಕ್ಕಾ? ಊಟ ಆಯ್ತಾ? ಔಷಧಿ ತಗೊಂಡ್ಯಾ?" ಒಂದು ಸಲ ಅಕ್ಕ ತುಂಬಾ ಮರ್ಯಾದೆಯಿಂದ ಕೇಳಿದಳು: "ನೀವು ಯಾರು ತಾಯಿ? ಒಳ್ಳೆ ಹೆಂಗಸಿನ ಹಾಗೆ ಕಾಣ್ತೀರಿ. ನಮ್ಮ ಮನೇಲಿ ಯಾರನ್ನ ಕರೀಬೇಕು?"

ನೀವು! ಅಕ್ಕನ ಬಾಯಿಂದ ತನಗೆ 'ನೀವು'! ಅವಳು ಫೋನಿಟ್ಟು ಗೋಡೆಗೆ ಮುಖ ಮಾಡಿ ಕೂತಳು. ಅತ್ತಳೇ ಎಂದು ಕೇಳಬೇಡಿ. ಅಳು ಬರುವ ಜಾಗದಲ್ಲಿ ಅವಳಿಗೆ ಸಿಟ್ಟೇ ಬರುವುದು. ದೇವರ ಮೇಲೆ ಬಂತು, ಡಾಕ್ಟರ ಮೇಲೆ ಬಂತು, ಇಷ್ಟು ವರ್ಷ ಚಾದರ ತೀಡುತ್ತಾ ಕೂತ ತನ್ನ ಮೇಲೂ ಬಂತು. ಮಾರನೆಯ ದಿನವೇ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಅಕ್ಕನ ತಲೆಯಲ್ಲಿ ತನಗೊಂದು ಮೂಲೆ ಉಳಿದಿರುವಾಗಲೇ ಹೋಗಿ ಸೇರಿಕೊಳ್ಳಬೇಕು. ಬೇರೆ ಏನೂ ಬೇಡ.

ಬರುವುದು ಸುಲಭ, ಹೋಗುವುದು ಕಷ್ಟ ಎಂದು ಅವಳಿಗೆ ತಿಳಿದದ್ದು ಆಮೇಲೆ. ಬರುವಾಗ ಒಂದು ಕೋಣೆಯಲ್ಲಿ ಕೂರಿಸಿ, ಬೆರಳುಗಳಿಗೆ ಮಸಿ ಬಳಿದು ಒತ್ತಿಸಿಕೊಂಡು, ಹೋಗು ಎಂದಿದ್ದರು. ಈಗ ಹೊರಡಬೇಕೆಂದರೆ ನೋಡಿ! ಬ್ಯಾಂಕಿನವರು ಖಾತೆ ಮುಚ್ಚಬೇಕಾದರೆ ವಾಸದ ಕಾರ್ಡು ರದ್ದಾದ ಚೀಟಿ ತನ್ನಿ ಎಂದರು. ಕಾರ್ಡಿನವರು ರದ್ದು ಮಾಡಬೇಕಾದರೆ ಬ್ಯಾಂಕಿನ ಖಾತೆ ಮುಚ್ಚಿರಬೇಕು ಎಂದರು. "ಹಾಗಾದ್ರೆ ನೀವಿಬ್ರೂ ಒಂದು ಸಲ ಕೂತು ಮಾತಾಡ್ಕೊಳ್ಳಿ, ನಾನು ಹೊರಗೆ ಕಾಯ್ತೀನಿ," ಎಂದು ಅವಳು ಅಲ್ಲಿ ಹೇಳಿಯೇಬಿಟ್ಟಿದ್ದಳು. ವಿದ್ಯುತ್ ಕಚೇರಿಯಲ್ಲಿ, ಕೋಣೆ ಕಂಪನಿಯದು, ಮೀಟರು ನಿಮ್ಮ ಹೆಸರಿನದಲ್ಲ, ಆದ್ದರಿಂದ ನಿಮ್ಮ ಹೆಸರಿನಲ್ಲಿ ಮೀಟರಿಲ್ಲ ಎಂದು ಬರೆದುಕೊಡಲು ನಮಗೆ ಬರುವುದಿಲ್ಲ ಎಂದರು. ಆರೋಗ್ಯ ಇಲಾಖೆಯವರಿಗೆ ಅವಳಿಗೆ ಕಾಯಿಲೆ ಇಲ್ಲ ಎಂಬ ರುಜುವಾತು ಬೇಕಾಗಿತ್ತು. ಕಾಲು ಸವೆಯುವಷ್ಟು ಅಲೆದಳು. ಒಂದು ಕಿಟಕಿಯಲ್ಲಿ ಊಟದ ಹೊತ್ತು, ಇನ್ನೊಂದರಲ್ಲಿ ಯಂತ್ರ ಕೆಟ್ಟಿದೆ, ಮತ್ತೊಂದರಲ್ಲಿ ಸಹಿ ಹಾಕುವವರು ಮದುವೆಗೆ ಹೋಗಿದ್ದಾರೆ. ಹೇಗೋ ಹಲ್ಲು ಕಚ್ಚಿ ಎಲ್ಲ ಮುಗಿಸಿದಳು. ಕೊನೆಗೆ ಉಳಿದದ್ದು ಇದೊಂದು ಮೊಹರು. ಇದಿಲ್ಲದೆ ವಿಮಾನ ನಿಲ್ದಾಣದ ಬಾಗಿಲು ದಾಟುವಂತಿಲ್ಲ. ಕೆಲಸ ಬಿಟ್ಟಾಗಿತ್ತು, ಕಾರ್ಡು ರದ್ದಾದ ಮೇಲೆ ದೇಶ ಬಿಡಲು ಕೊಟ್ಟ ಗಡುವು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಮೊಹರು ಬೀಳದಿದ್ದರೆ ಅವಳು ಅಕ್ರಮವಾಗಿ ಉಳಿದವಳಾಗುತ್ತಾಳೆ. ಆಮೇಲೆ ವಿಚಾರಣೆ, ಕೋರ್ಟು, ಅದೆಷ್ಟು ತಿಂಗಳೋ. ಅಷ್ಟರಲ್ಲಿ ಅಕ್ಕನ ತಲೆಯಲ್ಲಿ ಯಾರು ಉಳಿದಿರುತ್ತಾರೆ?

ರೂಮಿನ ಜೊತೆಗಾತಿ ಅದೇ ಹೋಟೆಲಿನಲ್ಲಿ ಕೋಣೆಗಳನ್ನು ಸ್ವಚ್ಛ ಮಾಡುವವಳು. ವಯಸ್ಸಿನಲ್ಲಿ ಚಿಕ್ಕವಳು, ಸ್ವಭಾವದಲ್ಲಿ ಹಸು. ಯಾರು ಏನೇ ಅಂದರೂ "ಹೋಗ್ಲಿ ಬಿಡಿ" ಅನ್ನುತ್ತಿದ್ದಳು. ಅತಿಥಿಗಳು ಬೈದರೂ ಹೋಗ್ಲಿ ಬಿಡಿ, ರಜೆ ಕೊಡದಿದ್ದರೂ ಹೋಗ್ಲಿ ಬಿಡಿ. ಹಾಗಾಗಿ ಅವಳ ಹೆಸರೇ 'ಹೋಗ್ಲಿಬಿಡಿ' ಆಗಿಹೋಗಿತ್ತು.

"ಅಕ್ಕ, ಕೈಗೆ ಎಣ್ಣೆ ಹಚ್ತೀನಿ. ಒಂದು ವಾರ ನೀವು ಒಂದು ಲೋಟಾನೂ ತೊಳೀಬಾರದು," ಎಂದಳು ಹೋಗ್ಲಿಬಿಡಿ.

"ನಾನೇನು ಬಾಣಂತಿಯೇನೇ?"

"ಹೋಗ್ಲಿ ಬಿಡಿ, ಆಗಿ ಒಂದು ವಾರ."

ಆಯಿತಪ್ಪಾ, ಆದಳು. ಪಾತ್ರೆ ಹೋಗ್ಲಿಬಿಡಿಯೇ ತೊಳೆದಳು, ಬಟ್ಟೆ ಅವಳೇ ಒಗೆದಳು. ಇವಳು ಎಣ್ಣೆ ಮೆತ್ತಿದ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಜನ್ಮದಲ್ಲಿ ಹಾಗೆ ಕೂತವಳಲ್ಲ. ಕೂತಷ್ಟೂ ಮೈ ಉರಿಯಿತು. ಎದುರು ಮನೆಯವರು ಹಗ್ಗದ ಮೇಲೆ ಒಣಹಾಕಿದ ಅಂಗಿಯ ಸುಕ್ಕು ನೋಡಿ ಕೈ ಕಡಿಯಿತು. ಬೆರಳುಗಳನ್ನು ಬೆಳಕಿಗೆ ಹಿಡಿದು ಗೆರೆ ಮೂಡಿತೇ ಎಂದು ನೋಡುವುದು, ಬೈಯುವುದು, ಮತ್ತೆ ನೋಡುವುದು. ಮಧ್ಯೆ ಹೋಟೆಲಿಗೂ ಹೋಗಿಬಂದಳು. ಇವಳು ಇವಳೇ ಎಂದು ಒಂದು ಪತ್ರ ಬರೆದುಕೊಡಿ ಎಂದು ಕೇಳಿದರೆ, ಮ್ಯಾನೇಜರು ಹೊಸಬ, ಹೋಟೆಲಿನ ಮಾಲೀಕರೇ ಬದಲಾಗಿದ್ದರು.

"ನೀವು ಸೇರಿದ ಕಾಲದ ಕಡತ ಹಳೆಯವರ ಹತ್ರ ಇರಬೇಕು," ಎಂದ ಅವನು.

"ಹಳೆಯವರು ಎಲ್ಲಿ?"

"ಅದು ನಮಗೆ ಗೊತ್ತಿಲ್ಲ. ನೀವು ಇಷ್ಟು ವರ್ಷ ಇಲ್ಲಿದ್ರಿ, ನಿಮಗೇ ಗೊತ್ತಿರಬೇಕು."

ಅವನ ಮೇಜಿನ ಮೇಲಿನ ಹೂದಾನಿ ಅವಳ ಕೈಗೆ ತೀರಾ ಹತ್ತಿರದಲ್ಲಿತ್ತು. ಎಣ್ಣೆಗೈ ಜಾರುತ್ತದೆ ಎಂದು ಬಿಟ್ಟಳು, ಅಷ್ಟೇ.

ವಾರ ಕಳೆದು ಮತ್ತೆ 'ಮುಂದಿನವರ' ಮುಂದೆ ನಿಂತಳು. ಕೆಂಪು.

"ಆಗಲ್ಲಮ್ಮ," ಎಂದ. "ಬಂದಾಕೆಗೆ ಅಚ್ಚಿದೆ, ನಿಮಗಿಲ್ಲ. ನೀವೇ ಆಕೆ ಅಂತ ನಾನು ಹೇಗೆ ಹೇಳ್ಲಿ?"

"ಫೋಟೋ ಇದ್ಯಲ್ಲ ಸ್ವಾಮಿ, ನೋಡಿ."

"ಬಂದಾಗಿನ ಫೋಟೋ ಇದು. ಇದರಲ್ಲಿರೋದು ಹುಡುಗಿ."

"ಮತ್ತೆ ನಾನು ಹುಟ್ಟುವಾಗಲೇ ಹೀಗಿದ್ನಾ?" ಎನ್ನುವುದು ಗಂಟಲಿಗೆ ಬಂತು. ಅದನ್ನೂ ನುಂಗಿದಳು. ಅವತ್ತು ನುಂಗಿದ್ದಕ್ಕೆ ಸಂಜೆ ಅನ್ನವೂ ಇಳಿಯಲಿಲ್ಲ.

"ಹಾಳಾದವನ ಕಾಲರು ಹರಿದುಹೋಗ!" ಎಂದು ರೂಮಿಗೆ ಬಂದು ಚಪ್ಪಲಿ ಕಿತ್ತೆಸೆದಳು. "ನಾನು ನಾನಲ್ವಂತೆ ಕಣೇ! ಅಲ್ಲಿ ಅಕ್ಕ ನೀವ್ಯಾರು ಅಂತಾಳೆ, ಇಲ್ಲಿ ಇವನು ನೀವ್ಯಾರು ಅಂತಾನೆ. ಹಾಗಾದ್ರೆ ನಾನು ಯಾರು? ದಿಂಬಿನ ಚೀಲವಾ?"

"ಅಕ್ಕ, ದಮ್ಮಯ್ಯ, ಕಚೇರೀಲಿ ಮಾತ್ರ ಹೀಗೆ ಕೂಗ್ಬೇಡಿ. ಸಿಟ್ಟು ಮಾಡಿದ್ರೆ ಕಡತ ಕೆಳಗೆ ಹಾಕ್ಬಿಡ್ತಾರೆ. ಮೆಲ್ಲಗೆ ಕೇಳ್ಕೊಳ್ಳಿ, ಅವರಿಗೂ ಕರುಣೆ ಬರತ್ತೆ."

ಎಲ್ಲರದೂ ಅದೇ ಉಪದೇಶ. ಅಕ್ಕನ ಮಗಳದು ಮೆಲ್ಲಗೆ, ಹೋಗ್ಲಿಬಿಡಿಯದು ಮೆಲ್ಲಗೆ. ಹುಟ್ಟಿದಾರಭ್ಯ ಜೋರಾಗಿದ್ದ ಹೆಂಗಸನ್ನು ಎಲ್ಲರೂ ಸೇರಿಕೊಂಡು ಹಿಂಡಿ, ಮಡಚಿ, ಕಪಾಟಿನಲ್ಲಿಟ್ಟುಬಿಟ್ಟಿದ್ದರು.

ಮೂರನೆಯ ಸಲ ಹೋದ ದಿನ ತಿಂಗಳ ಕೊನೆ ಕಣ್ಣೆದುರಿಗೇ ಇತ್ತು. ಕಚೇರಿಯ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಗೋಡೆಯ ಮೇಲೆ ನಿಂತುಹೋದ ಫ್ಯಾನು, ಒಂದು ಮೂಲೆಯಲ್ಲಿ ಅಳುವ ಮಗು. ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇನ್ನೇನು ಅವಳ ಸರದಿ ಬರಬೇಕು, ಆಗ ಫೋನು ಹೊಡೆದುಕೊಂಡಿತು. ಅಕ್ಕನ ಮಗಳು.

"ಚಿಕ್ಕಮ್ಮ, ಇವತ್ತು ಅಮ್ಮ ಸ್ವಲ್ಪ ಗೆಲುವಾಗಿದ್ದಾರೆ. ತಂಗಿ ಎಲ್ಲಿ, ತಂಗಿ ಎಲ್ಲಿ ಅಂತ ಬೆಳಿಗ್ಗೆಯಿಂದ ಕೇಳ್ತಿದ್ದಾರೆ. ಮಾತಾಡ್ತೀರಾ? ಮೆಲ್ಲಗೆ ಹಾಂ!"

ತಂಗಿ ಎಲ್ಲಿ ಎಂದು ಕೇಳಿದಳಂತೆ! ದನಿಯನ್ನು ಆದಷ್ಟು ತಗ್ಗಿಸಿ, "ಅಕ್ಕಾ, ನಾನು ಕಣೇ, ನಿನ್ನ ತಂಗಿ. ಹೇಗಿದ್ದೀಯಾ?" ಎಂದಳು.

ಆ ಕಡೆಯಿಂದ ಅಕ್ಕನ ದನಿ, ಸ್ವಲ್ಪ ಬೇಸರದಿಂದ: "ಅಲ್ಲಮ್ಮ, ನೀವಲ್ಲ. ನನ್ನ ತಂಗಿ ಬೇರೆ."

"ಮುಂದಿನವರು ಬನ್ನಿ!"

ಅವಳು ಎದ್ದಳು. ಕಾಲುಗಳು ತಮ್ಮಷ್ಟಕ್ಕೆ ನಡೆದವು. ಫೋನು ಆರಿಸಬೇಕೆಂದೂ ತೋಚಲಿಲ್ಲ. ಅದನ್ನು ಕೌಂಟರಿನ ಕಲ್ಲಿನ ಮೇಲೆ ಇಟ್ಟು, ಬೆರಳನ್ನು ಯಂತ್ರದ ಗಾಜಿನ ಮೇಲೆ ಒತ್ತಿದಳು. ಕೆಂಪು. ಇನ್ನೊಂದು ಬೆರಳು. ಕೆಂಪು.

'ಮುಂದಿನವರು' ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದ. ನೋಡಿ, ದನಿ ಸಣ್ಣ ಮಾಡಿ, "ಒಂದು ಮಾತು ಕೇಳ್ತೀನಿ ಅಮ್ಮಾ, ಬೇಜಾರು ಮಾಡ್ಕೋಬೇಡಿ," ಎಂದ. "ಕೆಲವರು ಬೇಕಂತಲೇ ಬೆರಳು ಸುಟ್ಕೊಂಡು ಬರ್ತಾರೆ. ಏನಾದ್ರೂ ಮುಚ್ಚಿಡೋಕೆ ಇರತ್ತಲ್ಲ, ಅಂಥವರು. ನೀವೂ ಹಾಗೇನಾದ್ರೂ…"

ಅಷ್ಟೇ.

ಸಿಟ್ಟು ನೆತ್ತಿಗೇರಿದರೆ ಅವಳಿಗೆ ಹುಟ್ಟಿದ ಭಾಷೆ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಆ ದೇಶದ ಮಾತನ್ನು ಅಷ್ಟು ವರ್ಷ ಆಡಿದ್ದಳು, ಒಂದು ಅಕ್ಷರವೂ ನೆನಪಾಗಲಿಲ್ಲ. ಕಚೇರಿಯಲ್ಲಿದ್ದವರಿಗೆ ಅವಳ ಮಾತು ಒಂದೂ ತಿಳಿಯಲಿಲ್ಲ, ಆದರೆ ಅರ್ಥವಾಗದೆ ಉಳಿದವರು ಯಾರೂ ಇರಲಿಲ್ಲ.

"ಏನಂದ್ಯೋ? ಬೇಕಂತ ಸುಟ್ಕೊಂಡ್ನಾ? ಯಾಕೋ, ನಿಮ್ಮಪ್ಪನ ಖಜಾನೆಗೆ ಕನ್ನ ಹಾಕೋಕಾ? ನೋಡೋ ಇಲ್ಲಿ! ನೋಡು! ನಿಮ್ಮೂರಿಗೆ ಬಂದವರೆಲ್ಲ ಮಲಗೋ ಚಾದರ ತೀಡಿ ತೀಡಿ ಸವೆದ ಕೈ ಕಣೋ ಇದು! ಬರುವಾಗ ಹತ್ತು ಬೆರಳಿಗೂ ಮಸಿ ಬಳಿದು ಎಳೆದೆಳೆದು ಒತ್ತಿಸ್ಕೊಂಡ್ರಲ್ಲ, ಆಗ ಇತ್ತಲ್ಲ ಗೆರೆ! ಈಗ ಎಲ್ಲೋಯ್ತು ಅಂತ ನನ್ನ ಕೇಳ್ತೀಯಾ? ನಾನು ಕೇಳ್ಬೇಕು ನಿಮ್ಮನ್ನ! ಕೊಡ್ರೋ ನನ್ನ ಗೆರೆ ವಾಪಸ್ಸು! ಕೊಡಿ, ಇಲ್ಲೇ ನಿಂತಿರ್ತೀನಿ, ಕೊಡಿ!"

ಕೌಂಟರಿನ ಮೇಲೆ ಕೈ ಬಡಿದಳು. ಅವನ ಪೆನ್ನಿನ ಡಬ್ಬಿ ಉರುಳಿತು. ಅಳುತ್ತಿದ್ದ ಮಗು ಬಾಯಿ ಮುಚ್ಚಿತು.

"ಮೆಲ್ಲಗೆ ಮಾತಾಡು, ಮೆಲ್ಲಗೆ ಮಾತಾಡು! ಎಷ್ಟು ದಿನ ಮೆಲ್ಲಗೆ ಮಾತಾಡ್ಲಿ? ಮೆಲ್ಲಗೆ ಮಾತಾಡಿದ್ದಕ್ಕೆ ಏನು ಸಿಕ್ತು ನನಗೆ? ಮುಂದಿನ ವಾರ ಬಾ, ಎಣ್ಣೆ ಹಚ್ಕೊಂಡು ಬಾ, ಕಾಗದ ತಗೊಂಡು ಬಾ! ನನ್ನ ಬೆಳೆಸಿದವಳು ಅಲ್ಲಿ ನನ್ನ ಮರೀತಾ ಇದ್ದಾಳೆ ಕಣೋ ಪಾಪಿ! ಮುಂದಿನ ವಾರ ಅವಳಿಗೆ ನಾನು ಯಾರು? ಹೇಳು! ನೀನು ಹೇಳ್ತೀಯಾ ಅವಳಿಗೆ, ಇವಳೇ ನಿನ್ನ ತಂಗಿ ಅಂತ? ಮೊಹರು ಒತ್ತಿ ಕಳಿಸ್ತೀಯಾ?"

ಉಸಿರು ತೆಗೆದುಕೊಳ್ಳಲು ನಿಂತಳು. ಆಗ ಕೌಂಟರಿನ ಕಲ್ಲಿನ ಮೇಲಿಂದ ನಗು ಕೇಳಿಸಿತು.

ಸಣ್ಣಗೆ, ಕೆಮ್ಮಿನ ಜೊತೆ ಬೆರೆತ ನಗು. ಆಮೇಲೆ ದನಿ, ಸ್ಪಷ್ಟವಾಗಿ, ಇಡೀ ಹಜಾರಕ್ಕೆ ಕೇಳುವಂತೆ:

"ಮೆಲ್ಲಗೇ ಕಣೇ ಬಾಯಿಬಡುಕಿ, ಪಕ್ಕದ ಮನೆಯವರಿಗೆ ಕೇಳಿಸತ್ತೆ!"

ಅವಳು ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. ಬಾಯಿ ತೆರೆದಿತ್ತು.

"ಕೇಳಿಸ್ಲಿ ಬಿಡೇ!" ಎಂದು ಕಿರುಚಿದಳು ಫೋನಿಗೆ.

"ಯಾರ ಹತ್ರ ಜಗಳ ಆಡ್ತಿದ್ದೀಯೇ? ಹಾಲಿನವನಾ?"

"ಹೂಂ ಕಣೇ, ಹಾಲಿನವನೇ! ನೀರು ಬೆರೆಸಿದಾನೆ!"

"ಬಿಡಬೇಡ ಅವನ್ನ," ಎಂದಳು ಅಕ್ಕ.

ಬಿಡುತ್ತಾಳೆಯೇ? ಅಕ್ಕನ ಅಪ್ಪಣೆಯೇ ಸಿಕ್ಕಿದ ಮೇಲೆ! ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಶುರು ಮಾಡುವಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ತೆರೆದು ಮೇಲಧಿಕಾರಿ ಹೊರಬಂದಳು. ವಯಸ್ಸಾದ ಹೆಂಗಸು, ಕೈಯಲ್ಲಿ ಅರ್ಧ ಕುಡಿದ ಟೀ ಲೋಟ.

"ಏನು ಗಲಾಟೆ ಇದು?" ಎಂದು ಗುಮಾಸ್ತನನ್ನು ಕೇಳಿದಳು.

ಅವನು ತೊದಲುತ್ತಾ ವಿಷಯ ಹೇಳಿದ. ಅಧಿಕಾರಿ ಪರದೆಯನ್ನು ನೋಡಿದಳು, ಇವಳ ಕೈ ಹಿಡಿದು ಬೆರಳಿನ ತುದಿಗಳನ್ನು ಸವರಿ ನೋಡಿದಳು.

"ಕಳೆದ ಸಲ ಕಾರ್ಡು ಹೊಸದು ಮಾಡಿಸಿದಾಗ ಕಣ್ಣಿನ ಚಿತ್ರ ತೆಗೆದಿದ್ದಾರಲ್ಲ," ಎಂದಳು. "ಕಣ್ಣಿನ ಯಂತ್ರದಲ್ಲಿ ಯಾಕೆ ನೋಡ್ಲಿಲ್ಲ?"

"ಅದು ಪಕ್ಕದ ಕೋಣೇಲಿದೆ ಮೇಡಂ. ಬಂದಾಗಿನಿಂದ ಕವರು ಬಿಚ್ಚಿಲ್ಲ. ತಪಾಸಣೆಗೆ ಮೇಲಿನವರು ಬಂದಾಗ ಹೊಸದಾಗಿ ಕಾಣ್ಲಿ ಅಂತ…"

ಪಕ್ಕದ ಕೋಣೆ! ನಡುವೆ ಒಂದು ಗೋಡೆ ಅಷ್ಟೇ! ಅವಳು ವಾರಗಟ್ಟಲೆ ಎಣ್ಣೆಗೈ ಇಟ್ಟುಕೊಂಡು ಕೂತಿದ್ದಾಗ, ಆ ಯಂತ್ರ ಗೋಡೆಯಾಚೆ ಪ್ಲಾಸ್ಟಿಕ್ ಹೊದ್ದುಕೊಂಡು ಮಲಗಿತ್ತು. ಕವರು ಬಿಚ್ಚಿದರು. ಧೂಳು ಕೂಡ ಕೂತಿರಲಿಲ್ಲ. ಅವಳು ಕಣ್ಣು ಅಗಲಿಸಿ ಅದರ ಮುಂದೆ ನಿಂತಳು. ಅಳು ತಡೆದು ಕೆಂಪಾದ ಕಣ್ಣು, ಆದರೂ ದೀಪ ಹಸಿರಾಯಿತು. ಒಂದು ಗುಂಡಿ ಹೊಲಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊಹರು ಧಡ್ ಎಂದು ಬಿತ್ತು.

"ಕ್ಷಮಿಸಿ ಅಮ್ಮಾ," ಎಂದ 'ಮುಂದಿನವರು', ಕಾಗದ ಮುಂದೆ ಚಾಚಿ.

ಇಲ್ಲಿ ಅವಳು ಕರಗಿಹೋದಳು, ಹೋಗಲಿ ಪಾಪ ಎಂದಳು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅವಳು ಹಾಗೆ ಮಾಡಲಿಲ್ಲ. ಕಾಗದ ಕಿತ್ತುಕೊಂಡಳು.

"ಕ್ಷಮಿಸಲ್ಲ," ಎಂದಳು ಆ ದೇಶದ ಭಾಷೆಯಲ್ಲಿ, ಅವನಿಗೆ ತಿಳಿಯಲಿ ಎಂದೇ. "ನಾಳೆ ನನ್ನಂಥ ಇನ್ನೊಬ್ಬಳು ಬರ್ತಾಳೆ. ಆ ಕವರನ್ನ ಮತ್ತೆ ಹಾಕಿದ್ದು ಗೊತ್ತಾದ್ರೆ ವಿಮಾನ ಹತ್ಕೊಂಡು ವಾಪಸ್ ಬರ್ತೀನಿ."

ಅಧಿಕಾರಿ ಟೀ ಲೋಟದ ಹಿಂದೆ ಬಾಯಿ ಮರೆಮಾಡಿಕೊಂಡಳು.

ಹೊರಡುವ ದಿನ ಕಂಪನಿಯ ವಸತಿ ನೋಡಿಕೊಳ್ಳುವವನು ಕೋಣೆ ಪರೀಕ್ಷೆ ಮಾಡಲು ಬಂದ. ಬಾಗಿಲಿನ ಮೂಲೆಯಲ್ಲಿ ಒಂದು ಸೀಳು ಕಂಡು, "ಇದನ್ನ ಮುರಿದವರು ಯಾರು? ಬರೆದುಕೊಡಬೇಕು, ಆಮೇಲೇ ನಾನು ಚಾವಿ ವಾಪಸ್ ತಗೊಳ್ಳೋದು," ಎಂದು ಅಡ್ಡ ನಿಂತ. ಇಸ್ತ್ರಿಯಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳಷ್ಟೇ, ಅವಳ ಹಿಂದಿನಿಂದ ಒಂದು ದನಿ ಎದ್ದಿತು.

"ನಾವು ಬರೋಕೆ ಮುಂಚೆಯಿಂದ ಇದೆ ಅದು! ನಾನೇ ನಿಮಗೆ ಎರಡು ಸಲ ಹೇಳಿದ್ದೆ, ರಿಪೇರಿ ಮಾಡಿಸಿದ್ರಾ? ಈಗ ಹೊರಡೋ ಹೊತ್ತಿಗೆ ಬಂದು ಅಡ್ಡ ನಿಲ್ತೀರಾ? ನಾಚಿಕೆ ಆಗಲ್ವಾ? ದಾರಿ ಬಿಡಿ!"

ಹೋಗ್ಲಿಬಿಡಿ! ಅವಳ ಮುಖ ಕೆಂಪಾಗಿತ್ತು. ಅವನು ದಾರಿ ಬಿಟ್ಟ. ಇಬ್ಬರೂ ಮೆಟ್ಟಿಲು ಇಳಿಯುವಾಗ ಅವಳು, "ನಾನು ಜೋರಾಗಿ ಅಂದುಬಿಟ್ನಾ ಅಕ್ಕ?" ಎಂದು ಹೆದರಿ ಕೇಳಿದಳು.

"ಇನ್ನೂ ಸ್ವಲ್ಪ ಜೋರಾಗಿ ಅನ್ಬಹುದಿತ್ತು," ಎಂದಳು ಇಸ್ತ್ರಿಯಕ್ಕ. ಕೆಳಗೆ ಟ್ಯಾಕ್ಸಿ ಹತ್ತುವ ಮುಂಚೆ ಆ ಹುಡುಗಿಯ ಎರಡೂ ಕೈ ಹಿಡಿದು, ಬೆರಳುಗಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಗೆರೆಗಳು ಇನ್ನೂ ಇದ್ದವು. "ಕೈಗವಸು ಹಾಕ್ಕೊಂಡು ಕೆಲಸ ಮಾಡೇ ಕತ್ತೆ. ಕೊಡದಿದ್ರೆ ಕೂಗಾಡಿ ಇಸ್ಕೋ," ಎಂದು ಗದರಿಸಿ ಹೊರಟಳು.

ಅಕ್ಕನ ಮಗಳ ಮನೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಆ ಮಗಳು ಎದುರು ಬಂದು, ಚೀಲ ತೆಗೆದುಕೊಂಡು, ಕಿವಿಯ ಹತ್ತಿರ ಪಿಸುಗುಟ್ಟಿದಳು: "ಅವತ್ತು ಫೋನಿನಲ್ಲಿ ಗುರುತು ಹಿಡಿದದ್ದೇ ಹಿಡಿದದ್ದು, ಆಮೇಲೆ ಒಂದು ಸಲವೂ ನಿಮ್ಮ ಸುದ್ದಿ ಎತ್ತಿಲ್ಲ ಚಿಕ್ಕಮ್ಮ. ನೊಂದ್ಕೋಬೇಡಿ. ಮೆಲ್ಲಗೆ…"

ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳು! ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮನೆಗೆ ಯಾರೋ ಹೊಸಬರು ಬಂದಾಗ ಮಾಡುವಂತೆ ಮಡಿಲಿಗೆ ಜಾರಿದ ಸೆರಗು ಸರಿಮಾಡಿಕೊಂಡು, ಮರ್ಯಾದೆಯಿಂದ ನಕ್ಕಳು. "ಬನ್ನಿ, ಕೂತ್ಕೊಳ್ಳಿ," ಎಂದಳು.

ಬಾಯಿಬಡುಕಿ ಬಾಗಿಲಲ್ಲೇ ನಿಂತಳು. ಒಂದು ಸಲ ಉಸಿರೆಳೆದುಕೊಂಡಳು.

"ಏನೇ ಇದು ಅವತಾರ!" ಎಂದು ಗೋಡೆ ಅದುರುವಂತೆ ಕೂಗಿದಳು. "ಸೀರೆ ಇಷ್ಟು ಸುಕ್ಕಾಗಿದೆ, ಒಂದು ಇಸ್ತ್ರಿ ಹಾಕೋರಿಲ್ವಾ ಈ ಮನೇಲಿ? ಅಷ್ಟು ದೂರದಿಂದ ಬಂದಿದ್ದೀನಿ, ಕೂತ್ಕೊಳ್ಳಿ ಅಂತೀಯಾ? ಯಾರೇ ನಿನಗೆ ಮರ್ಯಾದೆ ಕಲಿಸಿದ್ದು?"

ಮಗಳು ಹೆದರಿ ಕೈ ಅಡ್ಡ ಹಿಡಿದಳು. ಅಕ್ಕನ ನಗು ನಿಂತುಹೋಯಿತು. ಕಣ್ಣು ಕಿರಿದು ಮಾಡಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, ಮನೆಯ ಹಿರಿಯಳ ಹಳೆಯ ದನಿಯಲ್ಲಿ ಹೇಳಿದಳು:

"ನೋಡ್ತಾ ನಿಂತಿದ್ದೀಯಲ್ಲೇ, ಬಾಗಿಲು ಹಾಕು. ಬಾಯಿಬಡುಕಿ ಬಂದ್ಲು."